‘ಮೈ ಫೇರ್ ಲೇಡಿ’ ಚಿತ್ರದ ಅಂತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾರ್ಜ್ ಕ್ಯೂಕರ್ ನಿರ್ದೇಶಿಸಿದ, 1964ರಲ್ಲಿ ತೆರೆಕಂಡ ‘ಮೈ ಫೇರ್ ಲೇಡಿ’ ಸುಮಾರು ಮೂರು ಗಂಟೆಗಳ ಸಂಗೀತಮಯ ಚಿತ್ರ. ಬೀದಿಯಲ್ಲಿ ಹೂ ಮಾರುವ ಎಲೈಜಾಳಿಗೆ ನಯವಾದ ಮಾತು ಕಲಿಸಿ ಅವಳನ್ನು ಹಿರಿಮನೆಯ ಹೆಣ್ಣೆಂದು ಜನ ನಂಬುವಂತೆ ಮಾಡುತ್ತೇನೆಂದು ಧ್ವನಿಶಾಸ್ತ್ರದ ಪ್ರಾಧ್ಯಾಪಕ ಹಿಗಿನ್ಸ್ ತನ್ನ ಗೆಳೆಯ ಕರ್ನಲ್ ಪಿಕರಿಂಗನೊಡನೆ ಪಣ ಕಟ್ಟುವ ಕಥೆ ಅದರದು. ಚಿತ್ರ ನೋಡಿ ಎದ್ದವರ ನಡುವೆ ನಡೆಯುವ ವಾದವೆಲ್ಲ ಬಹುಮಟ್ಟಿಗೆ ಅದರ ಕೊನೆಯ ಕೆಲವೇ ನಿಮಿಷಗಳನ್ನು ಕುರಿತದ್ದಾಗಿರುತ್ತದೆ. ಆ ವಾದದಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇನೆ. ಚಿತ್ರವನ್ನು ಇನ್ನೂ ನೋಡದವರು ಮೊದಲು ನೋಡಿ ಆಮೇಲೆ ಓದುವುದು ಒಳ್ಳೆಯದು, ಏಕೆಂದರೆ ಇಲ್ಲಿ ಯಾವುದನ್ನೂ ಮುಚ್ಚಿಟ್ಟಿಲ್ಲ. ಉತ್ತರಗಳಲ್ಲಿ ನನ್ನದೇ ಆದ ಒಂದು ಪಕ್ಷವೂ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಕೊನೆಯ ದೃಶ್ಯದ ತಿರುಳನ್ನು ಹಿಗಿನ್ಸ್ ಆಡುವ ಕೊನೆಯ ಮಾತಿನಲ್ಲಿ ಹುಡುಕುವವರಿಗೆ ನಿರಾಸೆ ಕಟ್ಟಿಟ್ಟದ್ದು, ಅದಕ್ಕೆ ಒಂದು ಕ್ಷಣ ಮುಂಚೆ ಎಲೈಜಾ ಮಾಡುವ ಕೆಲಸದಲ್ಲಿ ಅದು ಸಿಗುತ್ತದೆ.

ಕೊನೆಯ ದೃಶ್ಯದಲ್ಲಿ ನಡೆಯುವುದಾದರೂ ಏನು?

ಹಿಗಿನ್ಸನ ತಾಯಿಯ ಮನೆಯಲ್ಲಿ ಎಲೈಜಾ ಮತ್ತು ಹಿಗಿನ್ಸ್ ಇಬ್ಬರೂ ಮನಸ್ಸಿನಲ್ಲಿದ್ದುದನ್ನೆಲ್ಲ ಆಡಿ ಜಗಳವಾಡುತ್ತಾರೆ. ನೀನಿಲ್ಲದೆಯೂ ಲೋಕ ನಡೆಯುತ್ತದೆ, ವಸಂತವೂ ಬರುತ್ತದೆ ಎಂದು ಅವಳು ಅವನ ಮುಖಕ್ಕೇ ಹಾಡುತ್ತಾಳೆ, ಇನ್ನು ಮುಂದೆ ನನ್ನನ್ನು ಕಾಣಲಾರಿರಿ ಎಂದು ಹೇಳಿ ಹೊರಟುಹೋಗುತ್ತಾಳೆ. ಕಂಗಾಲಾದ ಹಿಗಿನ್ಸ್ ಇನ್ನು ನಾನೇನು ಮಾಡಲಿ ಎಂದು ಕೇಳಿದರೆ, ಅವಳಿಲ್ಲದೆಯೇ ಇರುವುದನ್ನು ಕಲಿ ಎಂಬರ್ಥದ ಉತ್ತರ ತಾಯಿಯಿಂದ ಬರುತ್ತದೆ.

ಅಲ್ಲಿಂದ ಅವನು ವಿಂಪೋಲ್ ಬೀದಿಯ ತನ್ನ ಮನೆಗೆ ನಡೆದು ಬರುತ್ತಾನೆ. ದಾರಿಯುದ್ದಕ್ಕೂ ಸಿಟ್ಟು, ಗೇಲಿ, ಹಂಬಲ ಒಂದರ ಮೇಲೊಂದು ಬರುವ ಆ ದೀರ್ಘ ಹಾಡು ಮನೆಯ ಬಾಗಿಲಲ್ಲಿ ಮುಗಿಯುತ್ತದೆ. ಒಳಗೆ ಹೋಗಿ ತನ್ನ ಅಧ್ಯಯನ ಕೋಣೆಯಲ್ಲಿ ಧ್ವನಿಮುದ್ರಣ ಯಂತ್ರವನ್ನು ಚಾಲೂ ಮಾಡಿ ಕುರ್ಚಿಯಲ್ಲಿ ಕುಸಿಯುತ್ತಾನೆ. ಯಂತ್ರದಿಂದ ಬರುವುದು ಎಲೈಜಾ ಮೊದಲ ಸಲ ಆ ಮನೆಗೆ ಬಂದ ದಿನದ ಮಾತು: ಹೂವಿನ ಅಂಗಡಿಯಲ್ಲಿ ಕೆಲಸ ಸಿಗಬೇಕು, ಅದಕ್ಕೆ ನಯವಾಗಿ ಮಾತನಾಡುವುದನ್ನು ಕಲಿಯಬೇಕು, ಪುಕ್ಕಟೆ ಬೇಡ, ಹಣ ಕೊಡುತ್ತೇನೆ ಎಂದು ಅವಳು ಹೇಳಿದ್ದು. ಅದರ ಜೊತೆಗೇ ಅವಳ ಕೊಳಕನ್ನು ಚಪ್ಪರಿಸಿಕೊಂಡು ಬಣ್ಣಿಸಿದ ಅವನದೇ ದನಿಯೂ ಕೇಳುತ್ತದೆ. ಅಷ್ಟರಲ್ಲಿ ಎಲೈಜಾ ಸದ್ದಿಲ್ಲದೆ ಒಳಬರುತ್ತಾಳೆ. ಯಂತ್ರವನ್ನು ನಿಲ್ಲಿಸುತ್ತಾಳೆ. ಯಂತ್ರ ಮುಂದೆ ಹೇಳಬೇಕಾಗಿದ್ದ ಮಾತನ್ನು, ಬರುವ ಮೊದಲು ಮುಖ ಕೈ ತೊಳೆದುಕೊಂಡೇ ಬಂದಿದ್ದೇನೆ ಎಂಬ ಆ ಮಾತನ್ನು, ತನ್ನ ಹಳೆಯ ಬೀದಿಯ ಉಚ್ಚಾರದಲ್ಲಿ ತಾನೇ ಮೆತ್ತಗೆ ಹೇಳುತ್ತಾಳೆ. ಹಿಗಿನ್ಸ್ ತಿರುಗಿ ನೋಡುವುದಿಲ್ಲ. ಅವಳ ಹೆಸರು ಹಿಡಿದು, “ಎಲೈಜಾ? ನನ್ನ ಚಪ್ಪಲಿ ಎಲ್ಲಿ ಹಾಳಾದವು?” ಎಂದು ಕೇಳಿ, ಟೋಪಿಯನ್ನು ಮುಖದ ಮೇಲಕ್ಕೆ ಎಳೆದುಕೊಳ್ಳುತ್ತಾನೆ. ಅವಳು ಮುಗುಳ್ನಗುತ್ತಾಳೆ. ವಾದ್ಯವೃಂದ ಏರಿ ಚಿತ್ರ ಮುಗಿಯುತ್ತದೆ.

ಹಾಗಾದರೆ ಅವರಿಬ್ಬರ ಮದುವೆಯಾಗುತ್ತದೆಯೇ?

ಚಿತ್ರ ಹಾಗೆ ಹೇಳುವುದಿಲ್ಲ. ಮದುವೆಯ ಮಾತಿಲ್ಲ, ಪ್ರೇಮ ನಿವೇದನೆಯಿಲ್ಲ, ಮುತ್ತಿಲ್ಲ. ಕೊನೆಯ ದೃಶ್ಯದಲ್ಲಿ ಅವರು ಪರಸ್ಪರ ಮುಟ್ಟುವುದೂ ಇಲ್ಲ. ಅವಳು ಬಂದಳು ಎಂಬುದಷ್ಟೇ ಖಚಿತ. ಅಂದಿಗೆ ಉಳಿದಳೇ, ಸದಾಕಾಲಕ್ಕೆ ಉಳಿದಳೇ, ಶಿಷ್ಯೆಯಾಗಿಯೇ, ಗೆಳತಿಯಾಗಿಯೇ, ಹೆಂಡತಿಯಾಗಿಯೇ ಎಂಬುದನ್ನು ನೋಡುವವರು ತಮ್ಮ ತಮ್ಮ ಒಲವಿಗೆ ತಕ್ಕಂತೆ ತುಂಬಿಕೊಳ್ಳುತ್ತಾರೆ. ಪ್ರೇಮಕಥೆಯ ಸಂಗೀತ, ಪ್ರೇಮಕಥೆಯ ಬೆಳಕು, ಪ್ರೇಮಕಥೆಯ ವೇಗ ಎಲ್ಲವೂ ಇರುವುದರಿಂದ ಬಹುಮಂದಿಗೆ ಮದುವೆಯೇ ಆಯಿತೆಂಬ ನೆನಪು ಉಳಿದಿರುತ್ತದೆ, ಅಷ್ಟೆ.

ಅಷ್ಟು ಗಟ್ಟಿಯಾಗಿ ಬಿಟ್ಟುಹೋದವಳು ಮರಳಿ ಬರುವುದೇಕೆ?

ಈ ಪ್ರಶ್ನೆಗೆ ಚಿತ್ರ ಬಾಯಿಬಿಟ್ಟು ಉತ್ತರ ಕೊಡುವುದಿಲ್ಲ. ಮನೆಯಿಂದ ಹೊರಬಿದ್ದ ಮೇಲೆ ಅವಳ ಮನಸ್ಸಿನಲ್ಲಿ ಏನು ನಡೆಯಿತು ಎಂಬುದನ್ನು ತೋರಿಸುವ ಒಂದು ದೃಶ್ಯವೂ ಇಲ್ಲ. ಹಿಗಿನ್ಸನಿಗೆ ಮನಸ್ಸು ಬದಲಾಯಿಸಿಕೊಳ್ಳಲು ಇಡೀ ಒಂದು ಹಾಡು ಸಿಕ್ಕಿದೆ, ಎಲೈಜಾಳಿಗೆ ಒಂದು ಸಾಲೂ ಸಿಕ್ಕಿಲ್ಲ. ಈ ಅಂತ್ಯದ ಮೇಲೆ ಬರುವ ಟೀಕೆಗಳಲ್ಲಿ ಇದೇ ಅತ್ಯಂತ ನ್ಯಾಯವಾದದ್ದೆಂದು ನನಗನ್ನಿಸುತ್ತದೆ.

ಆದರೂ ಉತ್ತರದ ತುಣುಕುಗಳು ಅದಕ್ಕೂ ಹಿಂದಿನ ದೃಶ್ಯಗಳಲ್ಲಿ ಹರಡಿಕೊಂಡಿವೆ. ರಾಯಭಾರ ಕಚೇರಿಯ ನೃತ್ಯಕೂಟದಲ್ಲಿ ಅವಳು ಗೆದ್ದ ರಾತ್ರಿ ಹಿಗಿನ್ಸ್ ಮತ್ತು ಕರ್ನಲ್ ಪಿಕರಿಂಗ್ ಇಬ್ಬರೂ ಗೆದ್ದದ್ದು ತಾವೇ ಎಂಬಂತೆ ಒಬ್ಬರನ್ನೊಬ್ಬರು ಹೊಗಳಿಕೊಂಡು ಹಾಡುತ್ತಾರೆ, ಮೂಲೆಯಲ್ಲಿ ನಿಂತ ಅವಳತ್ತ ಯಾರೂ ನೋಡುವುದಿಲ್ಲ. ಆ ರಾತ್ರಿ ಮನೆ ಬಿಟ್ಟವಳು ತಾನು ಹೂ ಮಾರುತ್ತಿದ್ದ ಕೋವೆಂಟ್ ಗಾರ್ಡನ್ ಮಾರುಕಟ್ಟೆಗೇ ಹೋಗುತ್ತಾಳೆ. ಅಲ್ಲಿ ಬೆಂಕಿ ಕಾಯಿಸುತ್ತ ನಿಂತ ಹಳೆಯ ಒಡನಾಡಿಗಳಿಗೆ ಅವಳ ಗುರುತೇ ಹತ್ತುವುದಿಲ್ಲ. ಯಾರೋ ದೊಡ್ಡ ಮನೆಯ ಹೆಣ್ಣುಮಗಳೆಂದು ತಿಳಿದು ಮರ್ಯಾದೆಯಿಂದ ದೂರ ಸರಿಯುತ್ತಾರೆ. ತಂದೆ ಡೂಲಿಟಲ್ ಮರುದಿನ ಬೆಳಗಿನ ತನ್ನ ಮದುವೆಯ ಗಡಿಬಿಡಿಯಲ್ಲಿದ್ದಾನೆ, ಅವನೂ ಆಸರೆಯಾಗುವುದಿಲ್ಲ. ಚಿತ್ರದ ಅತ್ಯಂತ ನೋವಿನ ಗಳಿಗೆ ಅದೇ ಎಂದು ನಾನು ಭಾವಿಸುತ್ತೇನೆ. ಹುಟ್ಟಿದ ಬೀದಿಗೆ ಅವಳು ಹೊರಗಿನವಳಾಗಿದ್ದಾಳೆ, ಹೊಸದಾಗಿ ಸೇರಿದ ಲೋಕದಲ್ಲಿ ಅವಳಿಗೆ ಹಣವೂ ಇಲ್ಲ, ಮನೆತನವೂ ಇಲ್ಲ. ಎರಡೂ ದಡ ತಪ್ಪಿದ ಅವಳ ಪೂರ್ತಿ ಕಥೆ, ಅಂದರೆ ಹಳೆಯ ಎಲೈಜಾ ಮತ್ತು ಹೊಸ ಎಲೈಜಾ ಇಬ್ಬರ ಕಥೆಯೂ, ಗೊತ್ತಿರುವುದು ವಿಂಪೋಲ್ ಬೀದಿಯ ಆ ಒಂದು ಮನೆಗೆ ಮಾತ್ರ. ಅವಳ ಮರಳುವಿಕೆಯನ್ನು ಪ್ರೀತಿ ಎಂದು ಕರೆಯುವವರು ಕರೆಯಬಹುದು. ನನಗೆ ಅದಕ್ಕಿಂತ ಮೊದಲು ಕಾಣುವುದು ತನ್ನನ್ನು ಇಡಿಯಾಗಿ ಬಲ್ಲವರ ನಡುವೆ ಇರಬೇಕೆಂಬ ಆಸೆ.

ಯಂತ್ರವನ್ನು ನಿಲ್ಲಿಸಿ ಹಳೆಯ ಉಚ್ಚಾರದಲ್ಲಿ ಮಾತನಾಡುವುದರ ಅರ್ಥವೇನು?

ಇಡೀ ಚಿತ್ರದಲ್ಲಿ ಎಲೈಜಾಳ ದನಿ ಬೇರೆಯವರ ವಶದಲ್ಲಿದೆ. ಮಳೆಯ ರಾತ್ರಿ ನಾಟಕಶಾಲೆಯ ಹೊರಗೆ ಅವಳು ಕೂಗಿಕೊಂಡದ್ದನ್ನು ಹಿಗಿನ್ಸ್ ಅವಳಿಗೆ ಗೊತ್ತಿಲ್ಲದೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಮನೆಗೆ ಬಂದ ದಿನ ಅವಳ ಮಾತು ಯಂತ್ರದಲ್ಲಿ ದಾಖಲಾಗುತ್ತದೆ. ಮುಂದೆ ಸ್ವರ ತಿದ್ದುವ ಹೆಸರಿನಲ್ಲಿ ಬಾಯಿಗೆ ಗೋಲಿಗಳನ್ನು ತುಂಬಲಾಗುತ್ತದೆ, ಹ-ಕಾರ ಸರಿಯಾಗಿ ಹೊರಟಿತೇ ಇಲ್ಲವೇ ಎಂದು ಉಸಿರಿನೆದುರು ಬೆಂಕಿಯ ನಾಲಗೆಯನ್ನು ಇಟ್ಟು ನೋಡಲಾಗುತ್ತದೆ. ಹೀಗೆ ಬರೆಯಲ್ಪಟ್ಟ, ಮುದ್ರಿತವಾದ, ತಿದ್ದಲ್ಪಟ್ಟ ದನಿಯೊಂದು ಕೊನೆಯಲ್ಲಿ ಹಿಗಿನ್ಸನ ಬಳಿ ಯಂತ್ರದ ರೂಪದಲ್ಲಷ್ಟೇ ಉಳಿದಿದೆ. ಬೇಕೆಂದಾಗ ಹಾಕಿಕೊಂಡು ಕೇಳಬಹುದು, ಅದು ಎದುರಾಡುವುದಿಲ್ಲ, ಚಪ್ಪಲಿ ಎಸೆಯುವುದಿಲ್ಲ. ಒಬ್ಬಂಟಿಯಾದ ಮನುಷ್ಯನಿಗೆ ಅಷ್ಟು ಸಾಕೆನ್ನಿಸಿಬಿಡುವ ಅಪಾಯ ಅಲ್ಲಿದೆ.

ಅದನ್ನು ನಿಲ್ಲಿಸುವ ಕೈ ಎಲೈಜಾಳದು. ನಿಲ್ಲಿಸಿ ಅವಳು ಹೇಳುವ ಮಾತನ್ನು ನಮ್ಮ ಬೀದಿಯ ಕನ್ನಡಕ್ಕೆ ತಂದುಕೊಂಡರೆ ಹೆಚ್ಚುಕಡಿಮೆ “ಮಕ ಕೈ ತೊಳ್ಕಂಡೇ ಬಂದಿವ್ನಿ ನಾನು” ಎಂಬಂತೆ ಕೇಳೀತು. ಮೊದಲ ಸಲ ಅದನ್ನು ಹೇಳಿದಾಗ ಅವಳಿಗೆ ಬೇರೆ ಭಾಷೆ ಗೊತ್ತಿರಲಿಲ್ಲ, ಅವಮಾನದಿಂದ ಬಾಯಿಗೆ ಬಂದದ್ದನ್ನು ಹೇಳಿದ್ದಳು. ಈಗ ರಾಣಿಯರ ಎದುರಿನಲ್ಲೂ ತಡವರಿಸದೆ ಮಾತನಾಡಬಲ್ಲವಳು ಬೇಕೆಂದೇ ಆ ಮಾತನ್ನು ಎತ್ತಿಕೊಳ್ಳುತ್ತಾಳೆ. ತಿಳಿ ಗುಲಾಬಿಯ ನಯವಾದ ಉಡುಪಿನಲ್ಲಿ ನಿಂತು ಹೂ ಮಾರುವ ಹುಡುಗಿಯ ನುಡಿಯನ್ನು ಆಡುವುದರಲ್ಲಿ ಸೋಲಿನ ಸುಳಿವಿಲ್ಲ. ಎರಡು ನುಡಿಗಳೂ ನನ್ನವು, ಯಾವುದನ್ನು ಯಾವಾಗ ಆಡಬೇಕೆಂದು ತೀರ್ಮಾನಿಸುವವಳು ನಾನು ಎಂಬ ಧೈರ್ಯ ಅದರಲ್ಲಿದೆ. ಜೊತೆಗೆ ಒಂದು ಬಗೆಯ ದಯೆಯೂ ಇದೆ: ಯಂತ್ರದಲ್ಲಿ ಅವಳ ಮಾತಿಗೆ ಸ್ವಲ್ಪ ಮುಂಚೆ ಅವಳನ್ನು ಕೊಳಕಿ ಎಂದ ಅವನ ಮಾತಿದೆ, ಅದಕ್ಕೆ ಅವಳು ಎರಡನೆಯ ಸಲ ಕೊಡುವ ಉತ್ತರ ಬೈಗುಳವಾಗಿಲ್ಲ, ಹಾಸ್ಯವಾಗಿದೆ.

ಇದರೊಂದಿಗೆ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಚಿತ್ರದಲ್ಲಿ ಆಡ್ರಿ ಹೆಪ್‌ಬರ್ನ್ ಅವರ ಹಾಡುಗಳ ಬಹುಭಾಗವನ್ನು ತೆರೆಯ ಹಿಂದೆ ಹಾಡಿದವರು ಮಾರ್ನಿ ನಿಕ್ಸನ್. ಹೆಪ್‌ಬರ್ನ್ ತಾವೇ ಹಾಡಲೆಂದು ಸಾಕಷ್ಟು ಅಭ್ಯಾಸ ಮಾಡಿದ್ದರು, ಆದರೂ ಅವರ ದನಿಯ ಬಹುಪಾಲನ್ನು ತೆಗೆದುಹಾಕಲಾಯಿತು. ದನಿ ಬದಲಾಯಿಸಿಕೊಳ್ಳುವ ಹೆಣ್ಣಿನ ಪಾತ್ರ ಮಾಡಿದ ನಟಿಯ ದನಿಯನ್ನೇ ಬದಲಾಯಿಸಿದ ಚಿತ್ರ ಇದು. ಕೊನೆಯ ದೃಶ್ಯದಲ್ಲಿ ಎಲೈಜಾಳಿಗೆ ಹಾಡಿಲ್ಲ, ಮಾತಷ್ಟೇ ಇದೆ. ಹಾಗಾಗಿ ಅಲ್ಲಿ ಕೇಳುವುದು ಹೆಪ್‌ಬರ್ನ್ ಅವರ ಸ್ವಂತ ದನಿ. ಆ ಒಂದು ಸಾಲನ್ನು ಅವರು ಎಷ್ಟು ಮೆಲ್ಲಗೆ, ಎಷ್ಟು ನಿರ್ಭಯವಾಗಿ ಹೇಳುತ್ತಾರೆಂಬುದನ್ನು ಕೇಳಿದರೆ ಅವರ ಅಭಿನಯವನ್ನು ಬರೀ ಉಡುಪಿನ ಸೊಗಸೆಂದು ತಳ್ಳಿಹಾಕಲು ಮನಸ್ಸಾಗದು.

ಹಿಗಿನ್ಸ್ ಚಪ್ಪಲಿ ಕೇಳುವುದು ಅವಳಿಗೆ ಮಾಡಿದ ಅವಮಾನವಲ್ಲವೇ?

ಹಾಗೆ ಕಾಣುವುದು ಸಹಜ. ಅಷ್ಟೆಲ್ಲ ನಡೆದ ಮೇಲೂ ಒಂದು ಕ್ಷಮೆಯ ಮಾತಿಲ್ಲ, ಮತ್ತೆ ಅದೇ ಚಾಕರಿಯ ಅಪ್ಪಣೆ. ಆ ಸಾಲು ಕೇಳಿ ಸಿಟ್ಟಾಗುವವರ ಪರವಾಗಿಯೇ ಮೊದಲು ಮಾತನಾಡುತ್ತೇನೆ. ಹೂ ಮಾರುವವಳಿಗೂ ಹಿರಿಮನೆಯ ಹೆಣ್ಣಿಗೂ ಇರುವ ವ್ಯತ್ಯಾಸ ಅವಳು ಹೇಗೆ ನಡೆದುಕೊಳ್ಳುತ್ತಾಳೆ ಎಂಬುದರಲ್ಲಿಲ್ಲ, ಅವಳನ್ನು ಇತರರು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರಲ್ಲಿದೆ ಎಂದು ಎಲೈಜಾ ಹಿಗಿನ್ಸನ ತಾಯಿಯ ಮನೆಯಲ್ಲಿ ಹೇಳುತ್ತಾಳೆ. ಇಡೀ ಕಥೆಯ ಬೆನ್ನೆಲುಬು ಆ ಮಾತು. ಅದನ್ನು ಕೇಳಿಯೂ ಅವನು ಮತ್ತೆ ಚಪ್ಪಲಿಯ ಬಗ್ಗೆಯೇ ಕೇಳುವುದಾದರೆ ಏನನ್ನು ಕಲಿತಂತಾಯಿತು?

ಇದಕ್ಕೆ ಸಮರ್ಥಕರು ಕೊಡುವ ಉತ್ತರವೂ ಹಗುರವಾದದ್ದಲ್ಲ. ಚಪ್ಪಲಿ ಇಲ್ಲಿ ಬರೀ ಚಪ್ಪಲಿಯಾಗಿ ಉಳಿದಿಲ್ಲ. ನೃತ್ಯಕೂಟದ ರಾತ್ರಿ ಹಿಗಿನ್ಸ್ ಅದನ್ನೇ ಹುಡುಕುತ್ತಿದ್ದ, ಅವಳು ಅದನ್ನೇ ಎತ್ತಿ ಅವನತ್ತ ಎಸೆದಿದ್ದಳು. ಅವಳ ದಂಗೆ ಶುರುವಾದದ್ದೇ ಅಲ್ಲಿಂದ. ಜಾರ್ಜ್ ಬರ್ನಾರ್ಡ್ ಶಾ ಅವರ ಮೂಲ ನಾಟಕದಲ್ಲಂತೂ ಹಿಗಿನ್ಸ್ ಕೊನೆಯ ಅಂಕದಲ್ಲಿ, ಹೆಣ್ಣೊಬ್ಬಳು ಗಂಡಸಿನ ಚಪ್ಪಲಿ ತಂದುಕೊಡುವುದು ಅಸಹ್ಯವಾದ ನೋಟ, ನೀನು ಅದನ್ನು ನನ್ನ ಮುಖಕ್ಕೆ ಎಸೆದದ್ದರಿಂದಲೇ ನಿನ್ನ ಮೇಲೆ ನನಗೆ ಗೌರವ ಹೆಚ್ಚಿತು ಎಂಬರ್ಥದಲ್ಲಿ ನೇರವಾಗಿಯೇ ಹೇಳುತ್ತಾನೆ. ಈ ಹಿನ್ನೆಲೆಯಲ್ಲಿ ನೋಡಿದರೆ ಕೊನೆಯ ಪ್ರಶ್ನೆ ಅವರಿಬ್ಬರ ನಡುವಿನ ಜಗಳವನ್ನೇ ನೆನಪಿಸುವ ಒಂದು ಗುಟ್ಟಿನ ಮಾತಾಗುತ್ತದೆ. ಅವಳು ತನ್ನ ಹಳೆಯ ದನಿಯನ್ನು ಆಡಿ ತೋರಿಸಿದಳು, ಅವನು ತನ್ನ ಹಳೆಯ ಗರ್ವವನ್ನು ಆಡಿ ತೋರಿಸುತ್ತಾನೆ.

ಶಾ ನಾಟಕಕ್ಕೂ ಈ ಚಿತ್ರಕ್ಕೂ ನಡುವೆ ಬಂದ, ಚಿತ್ರದ ಹೆಸರಿನದೇ ಆದ ಸಂಗೀತ ರಂಗಕೃತಿಯ ಮುದ್ರಿತ ಪಠ್ಯದಲ್ಲಿರುವ ಸೂಚನೆಗಳು ಈ ಓದಿಗೆ ಬೆಂಬಲವಾಗಿವೆ. ಮನಸ್ಸನ್ನು ಬಿಚ್ಚಲು ಸಾಧ್ಯವಾಗಿದ್ದರೆ ಹಿಗಿನ್ಸನ ಮುಖದಲ್ಲಿ ನೆಮ್ಮದಿಯೂ ಸಂತೋಷವೂ ಉಕ್ಕುತ್ತಿದ್ದವು, ಅವನು ಓಡಿಹೋಗಿ ಅವಳನ್ನು ಸೇರುತ್ತಿದ್ದ, ಆದರೆ ಅದು ಅವನಿಂದಾಗದು ಎಂಬ ಭಾವದ ಸೂಚನೆ ಅಲ್ಲಿದೆ. ಎಲೈಜಾಳ ಕಣ್ಣಲ್ಲಿ ನೀರು, ಅವಳಿಗೆ ಅರ್ಥವಾಗುತ್ತದೆ ಎಂದೂ ಇದೆ. ಟೋಪಿಯಿಂದ ಮುಖ ಮುಚ್ಚಿಕೊಳ್ಳುವುದು ಉಡಾಫೆಯಂತೆ ಕಂಡರೂ ಅಳುವನ್ನೋ ನಗುವನ್ನೋ ಅಡಗಿಸುವ ಉಪಾಯವೂ ಹೌದು.

ನನ್ನ ತೀರ್ಪು ಇದು: ಮಾತಿನ ಅರ್ಥ ತಮಾಷೆಯದೇ ಆಗಿದ್ದರೂ ಅದಕ್ಕೆ ಕೊಟ್ಟ ಸ್ಥಾನ ತಪ್ಪು. ಅದನ್ನು ಕೇಳಿದ ಮೇಲೆ ಎಲೈಜಾಳಿಗೆ ಒಂದು ಮರುನುಡಿ ಬೇಕಿತ್ತು. ಇಬ್ಬರೂ ಸರಿಸಮಾನರಾಗಿ ಆಡುವ ಆಟವಾದರೆ ಚೆಂಡು ಇನ್ನೊಮ್ಮೆ ಅವಳ ಕೈಗೆ ಬರಬೇಕಾಗಿತ್ತು. ಚಿತ್ರ ಅವಳಿಗೆ ಮುಗುಳ್ನಗೆಯನ್ನಷ್ಟೇ ಕೊಟ್ಟು ಪರದೆ ಎಳೆಯುತ್ತದೆ.

ಶಾ ಅವರ ನಾಟಕ ಹೇಗೆ ಮುಗಿಯುತ್ತದೆ?

ಚಿತ್ರದ ಮೂಲವಾದ ‘ಪಿಗ್ಮೇಲಿಯನ್’ ಮೊದಲು ರಂಗಕ್ಕೆ ಬಂದದ್ದು 1913ರಲ್ಲಿ, ವಿಯೆನ್ನಾದಲ್ಲಿ, ಜರ್ಮನ್ ಭಾಷೆಯಲ್ಲಿ. ಲಂಡನ್ನಿನ ಪ್ರದರ್ಶನ 1914ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಅದರ ಕೊನೆಯಲ್ಲಿ ಎಲೈಜಾ ಹೊರಡುತ್ತಾಳೆ. ಹಂದಿಮಾಂಸ, ಚೀಸ್, ಕೈಗವಸು, ಟೈ ಎಲ್ಲ ಕೊಂಡು ತಾ ಎಂದು ಹಿಗಿನ್ಸ್ ಏನೂ ನಡೆದೇ ಇಲ್ಲವೆಂಬಂತೆ ಅಪ್ಪಣೆ ಮಾಡುತ್ತಾನೆ, ಅವಳು ತಿರಸ್ಕಾರದಿಂದ ನೀವೇ ಕೊಂಡುಕೊಳ್ಳಿ ಎಂದು ಹೇಳಿ ಹೋಗಿಬಿಡುತ್ತಾಳೆ. ಹಿಗಿನ್ಸ್ ಮಾತ್ರ ಜೇಬಿನ ಚಿಲ್ಲರೆ ಕುಲುಕುತ್ತ, ಅವಳು ತಂದೇ ತರುತ್ತಾಳೆಂಬ ಭರವಸೆಯಲ್ಲಿ ನಿಂತಿರುತ್ತಾನೆ. ಅವನ ಈ ಆತ್ಮತೃಪ್ತಿಯ ಮೇಲೆಯೇ ಪರದೆ ಬೀಳುತ್ತದೆ.

ಇಷ್ಟು ಸ್ಪಷ್ಟವಾಗಿ ಬರೆದರೂ ಜನ ಅವರಿಬ್ಬರನ್ನು ಜೋಡಿ ಮಾಡುವುದನ್ನು ಬಿಡಲಿಲ್ಲವಾದ್ದರಿಂದ ಶಾ 1916ರಲ್ಲಿ ನಾಟಕ ಪುಸ್ತಕವಾಗಿ ಬಂದಾಗ ಒಂದು ದೀರ್ಘ ಅನುಬಂಧವನ್ನೇ ಸೇರಿಸಿದರು. ಎಲೈಜಾ ಮದುವೆಯಾಗುವುದು ಅವಳಿಗೆ ಮನಸೋತ ಯುವಕ ಫ್ರೆಡ್ಡಿಯನ್ನು ಎಂದು ಅದರಲ್ಲಿ ನೇರವಾಗಿ ಹೇಳಿ, ಅವರಿಬ್ಬರೂ ಪಿಕರಿಂಗನ ಹಣದ ನೆರವಿನಿಂದ ಹೂವಿನಂಗಡಿ ತೆರೆದದ್ದನ್ನೂ ವ್ಯಾಪಾರದ ಲೆಕ್ಕಾಚಾರ ಬಾರದೆ ಪಟ್ಟ ಪಾಡನ್ನೂ ವಿವರಿಸಿದರು. ಜೀವಮಾನವಿಡೀ ಹಿಗಿನ್ಸನ ಚಪ್ಪಲಿ ತಂದುಕೊಡುವುದು, ಇಲ್ಲವೇ ಜೀವಮಾನವಿಡೀ ಫ್ರೆಡ್ಡಿಯಿಂದ ತನ್ನ ಚಪ್ಪಲಿ ತರಿಸಿಕೊಳ್ಳುವುದು, ಈ ಎರಡರಲ್ಲಿ ಎಲೈಜಾ ಯಾವುದನ್ನು ಆರಿಸಿಕೊಂಡಾಳು ಎಂಬ ಪ್ರಶ್ನೆಯನ್ನೂ ಅವರೇ ಎತ್ತಿ, ಉತ್ತರದ ಬಗ್ಗೆ ಅನುಮಾನವೇ ಬೇಡ ಎನ್ನುತ್ತಾರೆ. ಚಿತ್ರದ ಕೊನೆಯ ಸಾಲಿಗೆ ಅಷ್ಟು ವರ್ಷ ಮೊದಲೇ ಲೇಖಕರು ಉತ್ತರ ಬರೆದಿಟ್ಟಿದ್ದರು ಎನ್ನಬೇಕು. ನಾಟಕಕ್ಕೆ ಹೆಸರು ಕೊಟ್ಟ ಗ್ರೀಕ್ ಪುರಾಣದ ಶಿಲ್ಪಿ ಪಿಗ್ಮೇಲಿಯನ್ ತಾನು ಕೆತ್ತಿದ ಪ್ರತಿಮೆಗೆ ದೇವರಂತಾಗಿರುವುದರಿಂದ ಆ ಪ್ರತಿಮೆಗೆ ಅವನು ಪೂರ್ತಿ ಇಷ್ಟವಾಗುವುದೆಂದೂ ಇಲ್ಲ ಎಂಬ ವಿಚಾರದೊಂದಿಗೆ ಆ ಅನುಬಂಧ ಮುಗಿಯುತ್ತದೆ.

ಲೇಖಕರು ಬೇಡವೆಂದ ಅಂತ್ಯ ಚಿತ್ರಕ್ಕೆ ಬಂದದ್ದು ಹೇಗೆ?

ಅದು ಒಬ್ಬರು ಮಾಡಿದ ಕೆಲಸವಲ್ಲ. ಲಂಡನ್ನಿನ ಮೊದಲ ಪ್ರದರ್ಶನಗಳಲ್ಲೇ ಹಿಗಿನ್ಸ್ ಪಾತ್ರಧಾರಿ ಹರ್ಬರ್ಟ್ ಬೀರ್ಬಾಮ್ ಟ್ರೀ ಪರದೆ ಬೀಳುವ ಮೊದಲು ಎಲೈಜಾಳತ್ತ ಹೂಗಳನ್ನು ಎಸೆಯುವ ಅಭಿನಯ ಸೇರಿಸಿಕೊಂಡರು. ಶಾ ಕೆಂಡವಾದರು. ನನ್ನ ಅಂತ್ಯದಿಂದ ಹಣ ಬರುತ್ತಿದೆ, ನೀವು ಕೃತಜ್ಞರಾಗಿರಬೇಕು ಎಂದು ಟ್ರೀ ವಾದಿಸಿದರೆ, ಇಂಥ ಅಂತ್ಯಕ್ಕೆ ನಿಮ್ಮನ್ನು ಗುಂಡಿಕ್ಕಬೇಕು ಎಂಬ ಧಾಟಿಯಲ್ಲಿ ಶಾ ಉತ್ತರಿಸಿದರು.

1938ರಲ್ಲಿ ನಿರ್ಮಾಪಕ ಗೇಬ್ರಿಯಲ್ ಪ್ಯಾಸ್ಕಲ್ ಇದೇ ನಾಟಕವನ್ನು ಹಾಡುಗಳಿಲ್ಲದ ಚಿತ್ರವನ್ನಾಗಿ ಮಾಡಿದರು. ಲೆಸ್ಲಿ ಹೋವರ್ಡ್ ಮತ್ತು ವೆಂಡಿ ಹಿಲ್ಲರ್ ಮುಖ್ಯ ಪಾತ್ರಗಳಲ್ಲಿದ್ದರು. ಶಾ ಬರೆದುಕೊಟ್ಟ ಅಂತ್ಯವನ್ನು ಬಿಟ್ಟು ಎಲೈಜಾ ಮರಳಿ ಬರುವುದು, ಹಿಗಿನ್ಸ್ ಚಪ್ಪಲಿ ಕೇಳುವುದು ಎರಡನ್ನೂ ಹೊಂದಿಸಿದ್ದು ಆ ಚಿತ್ರದಲ್ಲೇ. ಅದರ ಚಿತ್ರಕಥೆಗಾಗಿ ಶಾ ಅವರಿಗೆ ಆಸ್ಕರ್ ಪ್ರಶಸ್ತಿಯೂ ಬಂತು. ಆದ್ದರಿಂದ 1964ರ ಚಿತ್ರವೇ ನಾಟಕವನ್ನು ಕೆಡಿಸಿತು ಎಂದು ದೂರುವವರು ಇಪ್ಪತ್ತಾರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಶಾ 1950ರಲ್ಲಿ ತೀರಿಕೊಂಡರು. ಅಲನ್ ಜೇ ಲರ್ನರ್ ಮಾತುಗಳನ್ನೂ ಹಾಡುಗಳನ್ನೂ ಬರೆದು, ಫ್ರೆಡರಿಕ್ ಲೋವೆ ಸಂಗೀತ ಕೊಟ್ಟ ರಂಗಕೃತಿ 1956ರ ಮಾರ್ಚ್ 15ರಂದು ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆರಂಭವಾಗಿ 2,717 ಪ್ರದರ್ಶನಗಳನ್ನು ಕಂಡಿತು. ಅದರಲ್ಲಿ, ಮುಂದೆ ಚಿತ್ರದಲ್ಲೂ ಹಿಗಿನ್ಸ್ ಆದ ರೆಕ್ಸ್ ಹ್ಯಾರಿಸನ್ ಜೊತೆ ಎಲೈಜಾ ಆಗಿದ್ದವರು ಜೂಲಿ ಆಂಡ್ರೂಸ್. ಶಾ ಅವರ ಅನುಬಂಧವನ್ನು ಏಕೆ ಬಿಟ್ಟೆನೆಂಬುದಕ್ಕೆ ಲರ್ನರ್ ಮುದ್ರಿತ ಪಠ್ಯದ ಮೊದಲಲ್ಲೇ ಕಾರಣ ಕೊಟ್ಟಿದ್ದಾರೆ: ಎಲೈಜಾ ಫ್ರೆಡ್ಡಿಯವಳಾಗುತ್ತಾಳೆಂದು ಶಾ ಹೇಳುವುದು ಸರಿಯೇ ಎಂಬುದು ತಮಗೆ ಖಚಿತವಿಲ್ಲ, ಇದಕ್ಕಾಗಿ ಶಾ ಮತ್ತು ದೇವರು ತಮ್ಮನ್ನು ಕ್ಷಮಿಸಲಿ ಎಂದು. ಚಿತ್ರಕ್ಕೂ ಚಿತ್ರಕಥೆ ಬರೆದವರು ಲರ್ನರ್ ಅವರೇ ಆದ್ದರಿಂದ ಅಂತ್ಯ ಹಾಗೆಯೇ ಉಳಿಯಿತು.

ಹಿಗಿನ್ಸ್ ನಿಜವಾಗಿ ಬದಲಾಗುತ್ತಾನೆಯೇ?

ಸ್ವಲ್ಪ. ಮನೆಗೆ ನಡೆಯುತ್ತ ಹಾಡುವಾಗ ಅವನು ಮೊದಲು ಎಲೈಜಾ-ಫ್ರೆಡ್ಡಿಯರ ಬಡ ಸಂಸಾರವನ್ನು ಕಲ್ಪಿಸಿಕೊಂಡು ಖುಷಿಪಡುತ್ತಾನೆ, ಬಾಗಿಲಿಗೆ ಬಂದು ನಿಂತರೂ ಒಳಗೆ ಬಿಡುವುದಿಲ್ಲ ಎಂದು ಅಬ್ಬರಿಸುತ್ತಾನೆ. ಹಾಡಿನ ರಾಗ ಮಾತ್ರ ಮತ್ತೆ ಮತ್ತೆ ಮೆತ್ತಗಾಗಿ, ದಿನಾ ಬೆಳಗ್ಗೆ ಅವಳ ದನಿ ಕೇಳುವುದು ಉಸಿರಾಟದಷ್ಟೇ ರೂಢಿಯಾಗಿದೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅವನ ಬಾಯಲ್ಲಿ ಪ್ರೀತಿ ಎಂಬ ಮಾತು ಬರುವುದೇ ಇಲ್ಲ. ರೂಢಿಯಾಗಿದೆ ಎಂಬುದೇ ಅವನಿಂದ ಹೊರಡಬಲ್ಲ ಅತಿ ದೊಡ್ಡ ನಿವೇದನೆ. ಹ್ಯಾರಿಸನ್ ತಮ್ಮ ಹಾಡುಗಳನ್ನು ಮೊದಲೇ ಮುದ್ರಿಸಿಕೊಂಡು ತುಟಿ ಕುಣಿಸಲು ಒಪ್ಪದೆ, ಟೈಯಲ್ಲಿ ಅಡಗಿಸಿದ ನಿಸ್ತಂತು ಮೈಕಿನ ಸಹಾಯದಿಂದ ಚಿತ್ರೀಕರಣದ ವೇಳೆಯಲ್ಲೇ ಹಾಡಿದವರು. ಅರ್ಧ ಮಾತು, ಅರ್ಧ ರಾಗದ ಆ ಹಾಡಿನಲ್ಲಿ ದನಿ ತೊದಲುವುದೂ ಕುಗ್ಗುವುದೂ ಅಷ್ಟು ಸಹಜವಾಗಿ ಕೇಳಲು ಅದು ಕಾರಣ. ಆದರೆ ಇದೆಲ್ಲ ಬೀದಿಯಲ್ಲಿ, ಅವನೊಬ್ಬನೇ ಇರುವಾಗ ನಡೆಯುವುದು. ಎಲೈಜಾ ಅದನ್ನು ಕೇಳಿಲ್ಲ. ನಮಗೆ ಅವನ ಮೇಲೆ ಕರುಣೆ ಬರುವುದಕ್ಕೂ ಅವಳು ಅವನನ್ನು ಕ್ಷಮಿಸುವುದಕ್ಕೂ ಇರುವ ಅಂತರವನ್ನು ಮರೆಯಬಾರದು.

ಫ್ರೆಡ್ಡಿ ಏನಾದ?

ಚಿತ್ರ ಅವನನ್ನು ಮರೆತುಬಿಡುತ್ತದೆ. ಅವಳಿರುವ ಬೀದಿಯಲ್ಲೇ ಸುತ್ತುತ್ತ ಅಷ್ಟು ಸೊಗಸಾದ ಹಾಡು ಹಾಡಿದ ಹುಡುಗನಿಗೆ ಕೊನೆಯಲ್ಲಿ ಒಂದು ವಿದಾಯವೂ ದಕ್ಕುವುದಿಲ್ಲ. ಅವನನ್ನು ಮದುವೆಯಾಗುತ್ತೇನೆ ಎಂದು ಎಲೈಜಾ ಹಿಗಿನ್ಸನೆದುರು ಹೇಳಿದ್ದು ಬೆದರಿಕೆಯೋ ನಿಶ್ಚಯವೋ ಎಂಬುದೂ ತೆರೆದೇ ಉಳಿಯುತ್ತದೆ.

ಇಬ್ಬರ ವಯಸ್ಸಿನ ಅಂತರ ಅಂತ್ಯದ ಮೇಲೆ ಪರಿಣಾಮ ಬೀರುತ್ತದೆಯೇ?

ಬೀರುತ್ತದೆ. ಹ್ಯಾರಿಸನ್ ಹುಟ್ಟಿದ್ದು 1908ರಲ್ಲಿ, ಹೆಪ್‌ಬರ್ನ್ 1929ರಲ್ಲಿ. ನಾಟಕದಲ್ಲಿ ಎಲೈಜಾ ಇಪ್ಪತ್ತರ ಆಸುಪಾಸಿನವಳು, ಹಿಗಿನ್ಸ್ ನಲವತ್ತರವನು. ಚಿತ್ರದಲ್ಲಿ ಇಬ್ಬರೂ ಪಾತ್ರಗಳಿಗಿಂತ ಹಿರಿಯರು. ಹೆಪ್‌ಬರ್ನ್ ಮೂವತ್ತು ದಾಟಿದ್ದರಿಂದ ಕೊನೆಯ ದೃಶ್ಯದ ಎಲೈಜಾಳಲ್ಲಿ ತಾನೇನು ಮಾಡುತ್ತಿದ್ದೇನೆಂಬುದು ತಿಳಿದ ಹೆಣ್ಣಿನ ಪ್ರೌಢತೆ ಇದೆ, ಅದು ದೃಶ್ಯಕ್ಕೆ ಲಾಭ. ಹ್ಯಾರಿಸನ್ ಐವತ್ತು ದಾಟಿದ್ದರಿಂದ ತಂದೆ-ಮಗಳ ಛಾಯೆಯೂ ಸುಳಿಯುತ್ತದೆ. ಮದುವೆಯ ಊಹೆಗೆ ಅದು ಅಡ್ಡಿ.

ಇತ್ತೀಚಿನ ಪ್ರದರ್ಶನಗಳಲ್ಲಿ ಅಂತ್ಯ ಬದಲಾಗಿದೆಯೇ?

ಹೌದು. 2018ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ಬಾರ್ಟ್ಲೆಟ್ ಶೇರ್ ನಿರ್ದೇಶಿಸಿದ ಪ್ರಯೋಗದಲ್ಲಿ ಎಲೈಜಾ ಮರಳಿ ಬರುತ್ತಾಳೆ, ಹಿಗಿನ್ಸ್ ಚಪ್ಪಲಿಯ ಮಾತನ್ನೂ ಆಡುತ್ತಾನೆ. ಅವಳು ಅವನ ಕೆನ್ನೆಯನ್ನು ಮೆಲ್ಲಗೆ ಮುಟ್ಟಿ, ರಂಗದಿಂದ ಇಳಿದು, ಪ್ರೇಕ್ಷಕರ ನಡುವೆ ನಡೆದು ಹೊರಟುಹೋಗುತ್ತಾಳೆ. ಲರ್ನರ್ ಬರೆದ ಮಾತುಗಳಿಗೆ ಕೈಹಚ್ಚದೆ ಶಾ ಬಯಸಿದ ತೀರ್ಮಾನವನ್ನು ತಂದದ್ದು ಜಾಣತನ. ನಾನು ಮೇಲೆ ಬೇಕೆಂದ ಮರುನುಡಿಯನ್ನು ಅಲ್ಲಿ ಅವಳು ನಡಿಗೆಯಲ್ಲಿ ಕೊಡುತ್ತಾಳೆ. ಆದರೆ ಇದರಿಂದ ಒಂದು ನಷ್ಟವೂ ಇದೆ: ಹೋಗುವುದೇ ನಿಶ್ಚಯವಾಗಿದ್ದರೆ ಅವಳು ಬಂದು ಹಳೆಯ ದನಿಯಲ್ಲಿ ಮಾತನಾಡಿದ್ದು ವಿದಾಯದ ಸೌಜನ್ಯವಾಗಿಬಿಡುತ್ತದೆ, ಚಿತ್ರದಲ್ಲಿ ಅದಕ್ಕಿರುವ ಆಹ್ವಾನದ ಬೆಚ್ಚಗಿನ ಸಲಿಗೆ ಉಳಿಯುವುದಿಲ್ಲ. ಎರಡೂ ಅಂತ್ಯಗಳನ್ನು ತೂಗಿ ನೋಡಿದಾಗ ನ್ಯಾಯ 2018ರದರಲ್ಲಿ ಹೆಚ್ಚು, ನಿಗೂಢತೆ 1964ರದರಲ್ಲಿ ಹೆಚ್ಚು ಎಂದು ನನಗೆ ಕಾಣುತ್ತದೆ.

ಮೊದಲು ನಾಟಕ ಓದಬೇಕೇ, ಚಿತ್ರ ನೋಡಬೇಕೇ?

ಚಿತ್ರವನ್ನೇ ಮೊದಲು ನೋಡಿ. ಶಾ ಅವರ ವಾದವನ್ನು ತಲೆಯಲ್ಲಿಟ್ಟುಕೊಂಡು ಕುಳಿತವರಿಗೆ ಕೊನೆಯ ದೃಶ್ಯ ತಪ್ಪಿತಸ್ಥನ ವಿಚಾರಣೆಯಂತೆ ಕಾಣುತ್ತದೆ, ಅದರ ಸೊಗಸು ಕೈತಪ್ಪುತ್ತದೆ. ಆಮೇಲೆ ನಾಟಕದ ಐದನೆಯ ಅಂಕವನ್ನೂ 1916ರ ಅನುಬಂಧವನ್ನೂ ಓದಿ, ಹಿಗಿನ್ಸನ ತಾಯಿಯ ಮನೆಯ ಜಗಳದಿಂದ ಮುಂದಕ್ಕೆ ಚಿತ್ರವನ್ನು ಇನ್ನೊಮ್ಮೆ ಹಾಕಿಕೊಳ್ಳಿ. ಎರಡನೆಯ ಸಲ ಹಿಗಿನ್ಸನನ್ನು ಬಿಟ್ಟು ಎಲೈಜಾಳ ಮುಖವನ್ನೇ ಗಮನಿಸಿ. ಹೆಪ್‌ಬರ್ನ್ ಅವರ ಆ ಮುಗುಳ್ನಗೆ ಒಪ್ಪಿಗೆಯದೋ, ಅನುಕಂಪದ್ದೋ, ಇಲ್ಲವೇ ಈ ಮನುಷ್ಯನನ್ನು ಇನ್ನು ಹೇಗೆ ತಿದ್ದಬೇಕೆಂದು ಗೊತ್ತಾದವಳದೋ ಎಂಬುದನ್ನು ಆಗ ನೀವೇ ನಿರ್ಧರಿಸಬಹುದು. ನನ್ನ ಮತ ಮೂರನೆಯದಕ್ಕೆ.